ಎರಡನೇ ಮಹಡಿಯ ಏಳು ಮಂದಿ

ಜನವರಿ ೬, ಸೋಮವಾರ

ಇವತ್ತು ಆಫೀಸಿನ ದೊಡ್ಡ ಮೇಜಿನ ಮೇಲೆ ನಮ್ಮ ಜಾಗದ ಹೊಸ ನಕ್ಷೆ ಹಾಸಿದ್ದರು. ಎಲ್ಲರೂ ಬಗ್ಗಿ ನೋಡಿದರು, ನಾನೂ ನೋಡಿದೆ. ಮೊದಲಿಗೆ ನನಗೆ ನಮ್ಮ ಆಸ್ಪತ್ರೆಯೇ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಅದರಲ್ಲಿ ಗೋಡೆ ಹಾಕಿರಲಿಲ್ಲ. ಊರಿನವರಿಗೆ ನಮ್ಮ ಮಾನಸಿಕ ಆಸ್ಪತ್ರೆ ಅಂದರೆ ಗೋಡೆಯೇ. ಹಟ ಮಾಡುವ ಮಗುವಿಗೆ "ಗೋಡೆಯೊಳಗೆ ಬಿಟ್ಟು ಬರ್ತೀನಿ ನೋಡು" ಅಂತ ಹೆದರಿಸುತ್ತಾರೆ. ನಾನು ನರ್ಸಾಗಿ ಈ ಗೋಡೆಯೊಳಗೆ ಬಂದಾಗ ನನ್ನ ತಲೆಯಲ್ಲಿ ಒಂದೇ ಒಂದು ಬಿಳಿ ಕೂದಲೂ ಇರಲಿಲ್ಲ.

ಹಿಂದಿನ ಬಯಲಿನಲ್ಲಿ ಹೃದಯದ ಆಸ್ಪತ್ರೆ ಆಗಲೇ ಎದ್ದು ನಿಂತಿದೆ. ಪಕ್ಕದಲ್ಲಿ ಆರು ಮಹಡಿ ಮನೆಗಳು, ಕೆಳಗೆ ಕ್ಲಿನಿಕ್ಕು, ಔಷಧಿ ಅಂಗಡಿ. ಇನ್ನು ಮುಂಭಾಗದ ಸರದಿ. ಗೋಡೆ ಹೋಗುತ್ತದೆ. ಹಳೆಯ ಕಲ್ಲಿನ ಕಟ್ಟಡಗಳು ಉಳಿಯುತ್ತವೆ, ಬೇರೆ ವೇಷ ಹಾಕಿಕೊಂಡು. ನಮ್ಮ ಹೆಂಗಸರ ವಾರ್ಡಿನ ಮೇಲೆ ‘ಪುಸ್ತಕ ಮತ್ತು ಕಾಫಿ’ ಅಂತ ಬರೆದಿತ್ತು.

"ಇಲ್ಲಿ ಏಳು ಜನ ಇದ್ದಾರೆ" ಅಂದೆ.

"ಅವರಿಗೆ ಊರಾಚೆ ಒಂದು ಆಶ್ರಯಧಾಮ ನೋಡಿದ್ದೀವಿ ಸಿಸ್ಟರ್" ಅಂದ ಪ್ರಾಜೆಕ್ಟ್ ಮ್ಯಾನೇಜರು. "ಮೂರು ಗಂಟೆ ದಾರಿ ಅಷ್ಟೇ. ಒಳ್ಳೇ ಗಾಳಿ, ಮರ, ಗಿಡ."

"ಗಾಳಿ ಇಲ್ಲೂ ಇದೆ."

ನಗೆ ಎದ್ದಿತು. ನಾನು ನಗಲಿಲ್ಲ. ಬೇರೆ ರೋಗಿಗಳೆಲ್ಲ ಹೊಸ ಜನರಲ್ ಆಸ್ಪತ್ರೆಗೆ ಹೋಗಿಯಾಗಿದೆ. ಈ ಏಳು ಜನಕ್ಕೆ ಕಾಯಿಲೆ ಹತೋಟಿಗೆ ಬಂದು ಎಷ್ಟೋ ವರ್ಷವಾಯಿತು, ಕರೆದುಕೊಂಡು ಹೋಗಲು ಮನೆಯವರು ಮಾತ್ರ ಬರಲಿಲ್ಲ. ಇಷ್ಟು ಕಾಲ ಹೀಗೆ ಕಳೆದವರನ್ನು ಮತ್ತೆ ಗಂಟುಮೂಟೆ ಕಟ್ಟಿಸಿ ಗಾಡಿ ಹತ್ತಿಸುವುದೆ? ಅರ್ಧ ವಾರ್ಡನ್ನು ಅವರಿಗೇ ಬಿಡಿಸಿಕೊಡುತ್ತೇನೆ. ಪಕ್ಕದ ಡ್ಯೂಟಿ ರೂಮಿನಲ್ಲಿ ನಾನಿರುತ್ತೇನೆ. ಜುಲೈ ಕೊನೆಗೆ ನನ್ನ ನಿವೃತ್ತಿ. ಅಷ್ಟರಲ್ಲಿ ಇದೊಂದನ್ನು ಮುಗಿಸಿಯೇ ತೀರಬೇಕು.

ಜನವರಿ ೭, ಮಂಗಳವಾರ

ಏಳು ಜನಕ್ಕೂ ಏನೂ ಹೇಳಿಲ್ಲ. ಸುಮ್ಮನೆ ಗಾಬರಿ ಬೀಳುತ್ತಾರೆ. ಎಲ್ಲ ಆದ ಮೇಲೆ ಹೇಳಿದರಾಯಿತು.

ತಮ್ಮ ಫೋನ್ ಮಾಡಿದ್ದ. ಮಹಡಿ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದಾನಂತೆ. "ಅಕ್ಕ, ಇನ್ನಾದ್ರೂ ಬಂದು ನೆಮ್ಮದಿಯಾಗಿರು" ಅಂದ. ನೋಡೋಣ ಅಂದೆ. ನಾನು ಹೋದರೆ ಇವರಿಗೆ ಯಾರಿದ್ದಾರೆ?

ಜನವರಿ ೨೨, ಬುಧವಾರ

ಆರ್ಕಿಟೆಕ್ಟ್ ಹುಡುಗಿ ಬಂದಿದ್ದಳು. ಉದ್ದಕ್ಕೆ, ಸಣ್ಣಗೆ, ತುರುಬಿಗೆ ಒಂದು ಪೆನ್ಸಿಲ್ ಚುಚ್ಚಿಕೊಂಡು. ವಾರ್ಡು ಪೂರ್ತಿ ಅಳೆದಳು. ಕಿಟಕಿಗಳು ತಲೆಗಿಂತ ಎತ್ತರದಲ್ಲಿವೆ, ಕೂತರೆ ಆಕಾಶ ಬಿಟ್ಟು ಬೇರೇನೂ ಕಾಣಲ್ಲ ಅಂದಳು. ಇಷ್ಟು ವರ್ಷ ಯಾರೂ ದೂರಿಲ್ಲವಲ್ಲ ಅಂದೆ. ನನ್ನ ಯೋಚನೆ ಹೇಳಿದೆ. ಇತ್ತ ಅರ್ಧ ಕಾಫಿ, ಅತ್ತ ಅರ್ಧ ನಮ್ಮ ಏಳು ಮಂಚ, ಮಧ್ಯೆ ಒಂದು ತಡೆ.

"ಅವರನ್ನ ಕೇಳಿದ್ರಾ ಮೇಡಂ?"

"ಕೇಳೋದೇನಮ್ಮ? ಅವರ ಮನಸ್ಸಲ್ಲೇನಿದೆ ಅಂತ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು."

ಹಿಂದೆ ಲಾಯರಮ್ಮ ನಿಂತಿದ್ದಳು. ಏಳು ಜನರಲ್ಲಿ ಒಬ್ಬಳು, ಲಾಯರೇನಲ್ಲ. ಸ್ನಾನದ ನೀರು ಬಿಸಿಯೋ ಉಗುರುಬೆಚ್ಚಗೋ ಅನ್ನುವುದಕ್ಕೂ ವಾದ ಹೂಡುತ್ತಾಳೆ, ಅದಕ್ಕೇ ಆ ಹೆಸರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು.

"ಯಾವ ಕಾಫಿ? ಎಂಥ ತಡೆ?" ಅಂದಳು. "ನಮ್ಮ ವಿಷಯ ನಮಗೊಬ್ಬರಿಗೆ ಬಿಟ್ಟು ಊರಿಗೆಲ್ಲ ಗೊತ್ತಾ ಸಿಸ್ಟರ್?"

ಹೋಗು, ಊಟದ ಹೊತ್ತಾಯಿತು ಅಂದೆ. ಹೋಗಲಿಲ್ಲ. ಹುಡುಗಿಯ ಜೊತೆ ನಕ್ಷೆ ಹಿಡಿದು ಕೂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಏಳು ಜನಕ್ಕೂ ಸುದ್ದಿ ಮುಟ್ಟಿತ್ತು. ಯಾರೂ ಗಾಬರಿ ಬಿದ್ದ ಹಾಗೆ ಕಾಣಲಿಲ್ಲ. ಅವರಿಗೆ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ.

ಫೆಬ್ರವರಿ ೧೧, ಮಂಗಳವಾರ

ಇವತ್ತು ರಸ್ತೆ ಕಡೆಯ ಗೋಡೆ ಕೆಡವಿದರು. ಜೆಸಿಬಿ ಬರುವ ಮೊದಲೇ ನಾನು ಹೋಗಿ ವಾರ್ಡಿನ ಮೆಟ್ಟಿಲ ಮೇಲೆ ನಿಂತಿದ್ದೆ. ಯಾರಾದರೂ ದಿಕ್ಕು ತಪ್ಪಿ ಓಡಿದರೆ ಹಿಡಿಯಬೇಕಲ್ಲ, ಅದಕ್ಕೆ ಇಬ್ಬರು ಆಯಾಗಳನ್ನೂ ನಿಲ್ಲಿಸಿಕೊಂಡಿದ್ದೆ.

ಗೋಡೆ ಅಂದುಕೊಂಡಷ್ಟು ಗಟ್ಟಿ ಇರಲಿಲ್ಲ. ಎರಡೇ ಏಟಿಗೆ ಮಣ್ಣು ಮಣ್ಣಾಗಿ ಕುಸಿಯಿತು. ಧೂಳು ಇಳಿದ ಮೇಲೆ ನೋಡಿದರೆ ರಸ್ತೆ ನಮ್ಮ ಅಂಗಳಕ್ಕೇ ಬಂದು ಕೂತಂತಿತ್ತು. ಅಷ್ಟು ಹತ್ತಿರ ಇತ್ತೆ ಅದು?

ಯಾರೂ ಓಡಲಿಲ್ಲ. ಒಳಗೆ ಹೋಗಿ ಕುರ್ಚಿ ತಂದು ಸಾಲಾಗಿ ಹಾಕಿಕೊಂಡು ಕೂತರು, ಸಿನಿಮಾಕ್ಕೆ ಕೂತ ಹಾಗೆ. ಅವರಲ್ಲಿ ಒಬ್ಬಳಿಗೆ ರೇಡಿಯೋ ಅಂತಲೇ ಹೆಸರು, ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಚಾಳಿ. ಇಷ್ಟು ವರ್ಷ ಅವಳಿಗೆ ಓದಲು ಸಿಗುತ್ತಿದ್ದದ್ದು ಮಾತ್ರೆ ಡಬ್ಬಿ, ಕ್ಯಾಲೆಂಡರು ಅಷ್ಟೇ. ಇವತ್ತು ಎದುರಿನ ಅಂಗಡಿ ಬೋರ್ಡುಗಳನ್ನೆಲ್ಲ ಓದಿದಳು. "ಇಲ್ಲಿ ಚಪ್ಪಲಿ ಹೊಲಿದು ಕೊಡಲಾಗುವುದು. ಇಲ್ಲಿ ಮೂತ್ರ ವಿಸರ್ಜಿಸಬಾರದು. ಮನೆ ಬಾಡಿಗೆಗೆ ಇದೆ." ಸಂಜೆಗೆ ಗಂಟಲು ಕಟ್ಟಿತು. ಉಪ್ಪುನೀರು ಮುಕ್ಕಳಿಸಲು ಕೊಟ್ಟೆ.

ನಿಂತು ನಿಂತು ನನ್ನ ಕಾಲು ಬಾತುಕೊಂಡಿದೆ.

ಮಾರ್ಚ್ ೩, ಸೋಮವಾರ

ಸೂಪರಿಂಟೆಂಡೆಂಟ್ ಡಾಕ್ಟರು ಕೊನೆಗೂ ಒಂದು ಮಾತು ಕೊಟ್ಟರು. "ಸಿಸ್ಟರ್, ಇವರು ತಾವಾಗಿ ಮನೆ ನಡೆಸಬಲ್ಲರು ಅಂತ ತೋರಿಸಿ. ಆಗ ನಾನೂ ಪ್ರಾಜೆಕ್ಟ್ ಸಮಿತಿ ಮುಂದೆ ಬಾಯಿ ಬಿಡ್ತೀನಿ." ನನ್ನ ಕ್ವಾರ್ಟರ್ಸ್ ಪಕ್ಕದ ಮನೆ ಖಾಲಿ ಬಿದ್ದಿತ್ತು. ಇವತ್ತಿನಿಂದ ಏಳು ಜನ ಅಲ್ಲಿ. ಬೀಗ ಇಲ್ಲ, ಆಯಾ ಇಲ್ಲ, ಅಡಿಗೆ ಅವರದೇ.

ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಗ್ಯಾಸು, ನಲ್ಲಿ, ಮಾತ್ರೆ, ಬಾಗಿಲು, ಚಾಕು. ಒಂದು ಹಾಳೆ ಸಾಲಲಿಲ್ಲ. ರೇಡಿಯೋ ಎಲ್ಲವನ್ನೂ ಗಟ್ಟಿಯಾಗಿ ಓದಿದಳು. "ಇಷ್ಟು ನೆನಪಿಟ್ಟುಕೊಳ್ಳೋ ಹಾಗಿದ್ರೆ ನಾವು ಪರೀಕ್ಷೆಗೇ ಕೂರಬಹುದಿತ್ತು" ಅಂದಳು ಲಾಯರಮ್ಮ.

ಹಾಲು ಉಕ್ಕಿತು. ಅನ್ನ ತಳ ಹಿಡಿಯಿತು. ನಾನು ಹೋಗಿ ಸರಿಮಾಡಿ ಬಂದೆ. ಮತ್ತೆ ಹೋದೆ. ಇನ್ನೊಂದು ಸಲ ಹೋದಾಗ ಯಾರೋ ಒಳಗಿನಿಂದ "ಬಂದ್ರು, ಬಂದ್ರು" ಅಂದದ್ದು ಕೇಳಿಸಿತು, ಆಮೇಲೆ ನಗು.

ಮಾರ್ಚ್ ೧೯, ಬುಧವಾರ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರೆ ಸಣ್ಣಕ್ಕ ಇಲ್ಲ. ಏಳು ಜನರಲ್ಲಿ ಅವಳೇ ಚಿಕ್ಕವಳು. ಮಾತು ಬಹಳ ಕಡಿಮೆ, ಕೆಲವು ವಾರ ಪೂರ್ತಿ ಬಾಯೇ ಬಿಡುವುದಿಲ್ಲ. ಎಲ್ಲಿ ಅಂತ ಕೇಳಿದರೆ "ಆಚೆ ಹೋದ್ಲು" ಅಂತ ರೇಡಿಯೋ ಆರಾಮಾಗಿ ಬೀನ್ಸ್ ಮುರಿಯುತ್ತ ಅಂದಳು. ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದೆ. ಅಂಗಳ ನೋಡಿದೆ, ಬಾವಿಕಟ್ಟೆ ನೋಡಿದೆ, ಗೋಡೆಯಿದ್ದ ಜಾಗ ದಾಟಿ ರಸ್ತೆಗೆ ಬಂದೆ.

ಅಲ್ಲಿ ನಿಂತೆ. ಬಸ್ಸು, ಆಟೋ, ಬೈಕು, ಒಂದರ ಬಾಲ ಇನ್ನೊಂದು ಹಿಡಿದ ಹಾಗೆ. ಹೇಗೋ ಮಧ್ಯದ ಡಿವೈಡರ್‌ವರೆಗೆ ಹೋದೆ. ಅಲ್ಲಿಂದ ಅತ್ತ ಹೋಗಲೂ ಆಗದು, ಇತ್ತ ಬರಲೂ ಆಗದು. ಕಂಬ ಹಿಡಿದುಕೊಂಡೆ. ಯೋಚಿಸಿದರೆ, ಈ ರಸ್ತೆಯನ್ನು ನಾನು ಕಾಲ್ನಡಿಗೆಯಲ್ಲಿ ದಾಟಿದ್ದೇ ನೆನಪಿಲ್ಲ. ಹೋಗಬೇಕಾದರೆ ಗೇಟಿಗೇ ಆಟೋ ಬರುತ್ತಿತ್ತು. ಸಾಮಾನು ಸ್ಟೋರಿನಿಂದ ಬರುತ್ತಿತ್ತು. ಹೋಗಬೇಕಾದ ಸಂದರ್ಭಗಳೇ ಎಷ್ಟಿದ್ದವು?

ಎದುರು ಬದಿಯಿಂದ ಸಣ್ಣಕ್ಕ ಬರುತ್ತಿದ್ದಳು. ಕೈಯಲ್ಲಿ ಹಸಿಮೆಣಸಿನಕಾಯಿ ಪೊಟ್ಟಣ. ನನ್ನನ್ನು ನೋಡಿದಳು, ನಿಂತಳು. ಬರುವ ಬಸ್ಸಿಗೆ ಅಂಗೈ ತೋರಿಸಿದಳು. ಬಸ್ಸು ನಿಂತಿತು! ಡಿವೈಡರಿಗೆ ಬಂದು ನನ್ನ ಕೈ ಹಿಡಿದಳು.

"ಬನ್ನಿ. ನೋಡ್ಕೊಂಡು."

"ಹೇಳದೆ ಯಾಕೆ ಹೋದೆ?"

"ಮೆಣಸಿನಕಾಯಿ ಮುಗಿದಿತ್ತು" ಅಂದಳು. ಅದಕ್ಕಿಂತ ಹೆಚ್ಚೇನು ಹೇಳಬೇಕು ಅನ್ನುವ ಹಾಗೆ.

ಬೈಯಬೇಕು ಅಂದುಕೊಂಡಿದ್ದೆ. ಈ ಬದಿಗೆ ಬಂದ ಮೇಲೂ ಅವಳು ಕೈ ಬಿಟ್ಟಿರಲಿಲ್ಲ, ಹಾಗಾಗಿ ಬೈಯುವುದಕ್ಕೆ ಆಗಲಿಲ್ಲ. ಸಂಜೆ ಹೋಗಿ ಬಾಗಿಲಿನ ನಿಯಮವೊಂದನ್ನು ಹೊಡೆದುಹಾಕಿದೆ. ಹೇಗಿದ್ದರೂ ಅದನ್ನು ಯಾರೂ ಪಾಲಿಸುತ್ತಿರಲಿಲ್ಲ.

ಏಪ್ರಿಲ್ ೫, ಶನಿವಾರ

ಮ್ಯಾನೇಜರನ್ನು ಇಷ್ಟು ದಿನ ಕಾಡಿ ಬೇಡಿ, ಅರ್ಧ ವಾರ್ಡು ಕೊಡಲು ಒಪ್ಪಿಸಿದ್ದೆ. ಖುಷಿಯಿಂದ ಹೇಳಲು ಹೋದೆ.

"ವಾರ್ಡು ಬೇಡ" ಅಂದಳು ಲಾಯರಮ್ಮ.

"ಬೇಡ ಅಂದ್ರೆ? ಅದಕ್ಕೆ ನಾನು ಪಟ್ಟ ಪಾಡು ನಿನಗೇನು ಗೊತ್ತು?"

"ಗೊತ್ತು ಸಿಸ್ಟರ್. ಆದ್ರೆ ಬಣ್ಣ ಹೊಡೆದ್ರೂ ಅದು ವಾರ್ಡೇ. ಆಚೆ ಕಡೆಯವರು ಕಾಫಿ ಕುಡೀತಾ ನಮ್ಮನ್ನ ನೋಡ್ಬೇಕಾ? ನಮಗೆ ಹಿಂದಿನ ಬಯಲಲ್ಲಿ ಕಟ್ಟಿರೋ ಹೊಸ ಮನೆ ಬೇಕು. ಎರಡನೇ ಮಹಡಿ. ಪೆನ್ಸಿಲ್ ಹುಡುಗಿ ಕರ್ಕೊಂಡು ಹೋಗಿ ತೋರ್ಸಿದ್ಲು. ಬಾಲ್ಕನಿ ಇದೆ."

ನನಗೆ ತಿಳಿಸದೆ ಹೋಗಿ ನೋಡಿಕೊಂಡು ಬಂದಿದ್ದಾರೆ. ಏಳೂ ಜನ. ಸಣ್ಣಕ್ಕ ಸಹ ತಲೆಯಾಡಿಸಿದಳು.

"ಸರಿ, ಅಲ್ಲಿ ನನ್ನ ಕೋಣೆ ಯಾವುದು?" ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಯರಮ್ಮನೇ ಹೇಳಿದಳು. "ನಿಮ್ಮ ಕೋಣೆ ಇಲ್ಲ ಸಿಸ್ಟರ್. ನೀವಿದ್ರೆ ನಾವು ಮತ್ತೆ ಪೇಷಂಟೇ ಆಗ್ತೀವಿ."

ಎದ್ದು ಬಂದೆ. ಇವರಿಗೆ ನಾನು ಏನು ಕಡಿಮೆ ಮಾಡಿದ್ದೆ? ಜ್ವರ ಬಂದಾಗ ತಲೆ ಒತ್ತಿದ್ದು ಯಾರು? ಮನೆಯವರು ತಿರುಗಿ ನೋಡದಿದ್ದಾಗ ಬಟ್ಟೆಬರೆ ಹೊಂದಿಸಿದ್ದು ಯಾರು? ಇರಲಿ. ತಮ್ಮನ ಮನೆಗೆ ಹೋಗುತ್ತೇನೆ. ಅವರವರ ಪಾಡು ಅವರವರಿಗೆ.

ಏಪ್ರಿಲ್ ೬, ಭಾನುವಾರ

ಬಟ್ಟೆ ಒಗೆದೆ. ಯಾರ ಹತ್ತಿರವೂ ಮಾತಾಡಲಿಲ್ಲ.

ಏಪ್ರಿಲ್ ೨೪, ಗುರುವಾರ

ಕೋಪ ಎಷ್ಟು ದಿನ ಹೊತ್ತು ತಿರುಗುವುದು, ಭುಜ ನೋಯುತ್ತದೆ. ಬೆಳಿಗ್ಗೆ ಲಾಯರಮ್ಮನನ್ನು ಕರೆದು "ನಡಿ, ಆ ಮನೆ ತೋರಿಸು" ಅಂದೆ.

ಲಿಫ್ಟ್ ಇನ್ನೂ ಓಡುತ್ತಿಲ್ಲ, ಮೆಟ್ಟಿಲು ಹತ್ತಿದೆವು. ಅಕ್ಕಪಕ್ಕ ಎರಡು ಮನೆ, ಮಧ್ಯೆ ಒಂದು ಬಾಗಿಲು. ಸಿಮೆಂಟಿನ ವಾಸನೆ. ಬಾಲ್ಕನಿಗೆ ಹೋದೆವು. ಕೆಳಗೆ ರಸ್ತೆ, ಬಸ್‌ಸ್ಟಾಪು, ಹೂ ಮಾರುವವಳ ಬುಟ್ಟಿ. ಲಾಯರಮ್ಮ ಕಂಬಿಗೆ ಒರಗಿ ನಿಂತಳು. ಅವಳು ಅಷ್ಟು ಹೊತ್ತು ವಾದ ಮಾಡದೆ ನಿಂತದ್ದನ್ನು ನಾನು ಕಂಡೇ ಇಲ್ಲ.

"ಬಚ್ಚಲು ಜಾರುತ್ತೆ" ಅಂದೆ.

"ಜಾರುತ್ತೆ."

"ಗೋಡೆಗೆ ಹಿಡಿಕೆ ಹಾಕಿಸ್ಬೇಕು. ಏನಂತೀಯ?"

ಅವಳು ತಿರುಗಿ ನನ್ನನ್ನು ನೋಡಿದಳು. "ಹೂಂ. ಎರಡು ಹಾಕ್ಸಿ" ಅಂದಳು.

ಅಲ್ಲಿಂದ ಸೀದಾ ಮ್ಯಾನೇಜರ ಆಫೀಸಿಗೆ. ಪೆನ್ಸಿಲ್ ಹುಡುಗಿ ಮೊದಲೇ ಹೇಳಿದ್ದಳು, ಸರ್ಕಾರದ ಒಪ್ಪಿಗೆಯಲ್ಲಿ ಒಂದು ಷರತ್ತಿದೆ, ಕೆಲವು ಮನೆ ಆರೋಗ್ಯ ಸೇವೆಗೆ ಮೀಸಲಿಡಬೇಕು ಅಂತ. ಅವು ಬಂದುಹೋಗುವ ಡಾಕ್ಟರುಗಳ ಗೆಸ್ಟ್ ಹೌಸು ಅಂತ ಮ್ಯಾನೇಜರ ಲೆಕ್ಕ. "ಡಾಕ್ಟರಿಗೆ ಹೋಟೆಲಿದೆ, ಇವರಿಗೆ ಇಲ್ಲ" ಅಂದೆ. ನಾಳೆ ಬನ್ನಿ ಅಂದ. ಬರ್ತೀನಿ, ನಾಡಿದ್ದೂ ಬರ್ತೀನಿ, ಟೀ ಮಾತ್ರ ಕೊಡಿಸಿ ಅಂದೆ. ಈ ಸಲ ಅವನು ನಗಲಿಲ್ಲ.

ಮೇ ೧೩, ಮಂಗಳವಾರ

ಸಾರ್ವಜನಿಕ ಸಭೆ. ಸುತ್ತಲಿನ ಬೀದಿಯವರು ಬಂದಿದ್ದರು. ಕಾರ್ ಪಾರ್ಕಿಂಗ್ ಬಗ್ಗೆ ಜಗಳ ಮುಗಿದ ಮೇಲೆ ನಮ್ಮ ವಿಷಯ ಬಂತು. ನಾನು ಎರಡು ವಾರ ಉರು ಹೊಡೆದ ಭಾಷಣ ಮಾಡಿದೆ. ಕೆಟ್ಟದಾಗಿತ್ತು. ರೋಗದ ಹೆಸರು, ಔಷಧಿ, ಅಂಕಿ ಅಂಶ. ಹೇಳಿದಷ್ಟೂ ಜನ ಇನ್ನಷ್ಟು ಹೆದರಿದ ಹಾಗೆ ಕಂಡಿತು.

ಪಕ್ಕದ ಬೀದಿಯ ಇನ್ಶೂರೆನ್ಸ್ ಸಾಹೇಬರು ಎದ್ದರು. "ನಮಗೆ ಅವರ ಮೇಲೆ ಕನಿಕರ ಇದೆ ಸಿಸ್ಟರ್. ಆದ್ರೆ ಇದು ಮಕ್ಕಳು ಮರಿ ಓಡಾಡೋ ಜಾಗ. ಯಾವಾಗ ಏನು ಮಾಡ್ತಾರೋ ಅಂತ ನಾವು ಹೆದರ್ಕೊಂಡು ಬದುಕ್ಬೇಕಾ?" ಚಪ್ಪಾಳೆ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿ, ನಾಲಿಗೆ ತೊದಲಿತು.

ಹಿಂದಿನ ಸಾಲಿನಿಂದ ಲಾಯರಮ್ಮ ಎದ್ದಳು. ಕೂರು ಅಂತ ಕೈಸನ್ನೆ ಮಾಡಿದೆ. ನೋಡಿಯೂ ನೋಡದ ಹಾಗೆ ಮುಂದೆ ಬಂದಳು. ಮೈಕು ಮುಟ್ಟಲಿಲ್ಲ.

"ಸಾಹೇಬ್ರೆ, ನಮ್ಮ ವಾರ್ಡಿನ ಪಕ್ಕದ ಅಂಗಳಕ್ಕೂ ನಿಮ್ಮ ಅಡಿಗೆಮನೆಗೂ ಮಧ್ಯೆ ಇದ್ದಿದ್ದು ಒಂದು ಗೋಡೆ. ಗೋಡೆ ಕಣ್ಣಿಗೆ ಅಡ್ಡ, ಕಿವಿಗಲ್ಲ. ಇಪ್ಪತ್ತು ವರ್ಷದಿಂದ ನಾವು ನಿಮ್ಮ ಅಕ್ಕಪಕ್ಕದವರೇ. ನೀವು ಕುಕ್ಕರ್ ಮುಚ್ಚಳಕ್ಕೆ ಬೈಯೋದು ಕೇಳಿದ್ದೀವಿ. ನಿಮ್ಮ ಮಗಳು ಮೊದಲನೇ ಸಲ ಹಾರ್ಮೋನಿಯಂ ಹಿಡಿದಾಗ ಕಿವಿಗೆ ಹತ್ತಿ ಇಟ್ಕೊಂಡಿದ್ದೀವಿ, ಅವಳು ಚೆನ್ನಾಗಿ ಕಲಿತ ಮೇಲೆ ಹತ್ತಿ ತೆಗೆದಿದ್ದೀವಿ. ನಿಮ್ಮ ತಾಯಿ ಹೋದ ದಿನ ನಮ್ಮಲ್ಲೂ ಯಾರೂ ಊಟ ಮಾಡಲಿಲ್ಲ. ಒಂದು ದಿನಾನಾದ್ರೂ ನಿಮ್ಮ ಮೇಲೆ ದೂರು ಕೊಟ್ಟಿದ್ದೀವಾ?"

ಕುಕ್ಕರಿನ ಮಾತಿಗೆ ಯಾರೋ ನಕ್ಕಿದ್ದರು. ಇನ್ಶೂರೆನ್ಸ್ ಸಾಹೇಬರು ನಿಂತೇ ಇದ್ದರು. "ನಮ್ಮಮ್ಮ ಹೋಗಿದ್ದು ನಿಮಗೆ ಹೇಗೆ ಗೊತ್ತು?" ಅಂದರು ಸಣ್ಣ ದನಿಯಲ್ಲಿ.

"ನೀವು ಅತ್ತಿದ್ದು ಕೇಳಿಸ್ತು."

ಅವರು ಕೂತರು. ಒಪ್ಪಿದೆ ಅನ್ನಲಿಲ್ಲ. ಆದರೆ ವಿರೋಧದ ಪತ್ರಕ್ಕೆ ಸಹಿ ಹಾಕಿಸಲು ಬಂದವನಿಗೆ "ಆಮೇಲೆ ನೋಡೋಣ" ಅಂದರಂತೆ.

ಮನೆಗೆ ಬರುವಾಗ ಲಾಯರಮ್ಮನ ನಡಿಗೆ ನಿಧಾನವಾಯಿತು. "ಸ್ವಲ್ಪ ಕೂತ್ಕೊಳ್ಳಿ" ಅಂತ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂರಿಸಿದೆ. ಇಬ್ಬರೂ ಬಸ್ಸು ನೋಡುತ್ತ ಕೂತೆವು.

ಜೂನ್ ೧೭, ಮಂಗಳವಾರ

ಸಮಿತಿಯ ಕೊನೆಯ ಸಭೆ. ಏಳು ಜನ ತಾವೇ ಮನೆ ನಡೆಸಿದ್ದರ ವರದಿ ಚೆನ್ನಾಗಿಯೇ ಇತ್ತು. ಸೂಪರಿಂಟೆಂಡೆಂಟ್ ಡಾಕ್ಟರು ಮಾತು ಉಳಿಸಿಕೊಂಡರು, ನಮ್ಮ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಆದರೆ ಅಧ್ಯಕ್ಷರಿಗೆ ಒಂದು ಅಳುಕು.

"ಸಿಸ್ಟರ್, ನೀವು ನಿವೃತ್ತರಾಗ್ತೀರಿ. ಮನೆ ಬೇರೆ ಇಲ್ಲವಂತೆ. ನೀವೇ ಅವರ ಜೊತೆ ಇದ್ದುಬಿಡಿ. ಒಂದು ಕೋಣೆ ನಿಮಗೆ. ಇವತ್ತೇ ಸಹಿ ಹಾಕ್ತೀನಿ."

ಜನವರಿಯಲ್ಲಿ ಈ ಮಾತು ಬಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

"ಬೇಡ ಸಾರ್" ಅಂದೆ.

"ಯಾಕೆ?"

"ಅವರಿಗೆ ಬೇಕಾಗಿಲ್ಲ. ಕೆಳಗೇ ಕ್ಲಿನಿಕ್ ಇದೆ. ವಾರಕ್ಕೊಂದು ಸಲ ನರ್ಸ್ ಮೇಲೆ ಹೋಗಿ ನೋಡಿ ಬಂದ್ರೆ ಸಾಕು. ಮೈ ಸರಿಯಿಲ್ಲ ಅಂದ್ರೆ ಅವರೇ ಇಳಿದು ಬರ್ತಾರೆ. ಎಲ್ಲರೂ ಹಾಗೇ ಅಲ್ವಾ ಬದುಕೋದು?"

"ನೀವೇ ಜವಾಬ್ದಾರಿ ತಗೊಳ್ಳೋಕೆ ಹಿಂಜರಿದ್ರೆ ನಾವು ಹೇಗೆ..."

"ಹಿಂಜರಿತಾ ಇಲ್ಲ ಸಾರ್. ಅಲ್ಲಿ ನಾನಿದ್ರೆ ಅದು ಮನೆಯಾಗಲ್ಲ, ವಾರ್ಡಾಗುತ್ತೆ. ಇಷ್ಟು ಕಷ್ಟಪಟ್ಟು ಇನ್ನೊಂದು ವಾರ್ಡು ಕಟ್ಟೋದು ಯಾಕೆ?"

ಎಲ್ಲಿಂದ ಬಂತೋ ಆ ಮಾತು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಅಧ್ಯಕ್ಷರು ಬಹಳ ಹೊತ್ತು ಕಾಗದ ತಿರುವಿದರು. ಕೊನೆಗೆ ಒಂದು ವರ್ಷದ ಮಟ್ಟಿಗೆ, ವಾರದ ಭೇಟಿಯ ಷರತ್ತಿನ ಮೇಲೆ, ಎರಡು ಮನೆಗೂ ಸಹಿ ಹಾಕಿದರು.

ಲಾಯರಮ್ಮನಿಗೆ ಹೇಳಿದೆ. "ಒಂದೇ ವರ್ಷನಾ?" ಅಂದರು. "ಮುಂದಿನ ವರ್ಷ ನೀವೇ ಹೋಗಿ ವಾದ ಮಾಡಿ" ಅಂದೆ. ಸಮಿತಿ ನನಗೆ ಕೋಣೆ ಕೊಡಲು ಬಂದದ್ದನ್ನು ಹೇಳಲಿಲ್ಲ. ಹೇಳುವಂಥದ್ದೇನಿದೆ ಅದರಲ್ಲಿ.

ಜುಲೈ ೩೧, ಗುರುವಾರ

ಹಾರ, ಶಾಲು, ಭಾಷಣ. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಹುಟ್ಟದೇ ಇದ್ದವರು ನನ್ನ ಬಗ್ಗೆ ಮಾತಾಡಿದರು.

ಏಳು ಜನ ಮೊನ್ನೆಯೇ ಎರಡನೇ ಮಹಡಿಗೆ ಹೋದರು. ಲಿಫ್ಟ್ ಬಂದಿದೆ. ರೇಡಿಯೋ ಅದರೊಳಗಿನ ಸೂಚನೆಯನ್ನು ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಓದುತ್ತಾಳೆ. ನನ್ನ ಕ್ವಾರ್ಟರ್ಸ್ ಇನ್ನೊಂದು ತಿಂಗಳಲ್ಲಿ ಬಿಡಬೇಕು. ಅಲ್ಲಿ ತೋಟ ಬರುತ್ತದಂತೆ.

ತಮ್ಮನಿಗೆ ಬರುವುದಿಲ್ಲ ಅಂದೆ. ಬೇಜಾರು ಮಾಡಿಕೊಂಡ. ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತೇನೆ, ಇರುವುದು ಮಾತ್ರ ನನ್ನದೇ ಒಂದು ಮನೆಯಲ್ಲಿ ಅಂದೆ. "ಈ ವಯಸ್ಸಲ್ಲಿ ಇದೇನಕ್ಕ ಹೊಸ ಹುಚ್ಚು?" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ನನಗೆ ನಗು ತಡೆಯಲಾಗಲಿಲ್ಲ.

ಆಗಸ್ಟ್ ೧೦, ಭಾನುವಾರ

ಮನೆ ಹುಡುಕುವುದು ನನಗೆ ಗೊತ್ತಿಲ್ಲದ ವಿದ್ಯೆ. ಹದಿನೆಂಟಕ್ಕೆ ಹಾಸ್ಟೆಲು, ಆಮೇಲೆ ಕ್ವಾರ್ಟರ್ಸು. ಇದನ್ನು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆಯೇ ಲಾಯರಮ್ಮ, ಸಣ್ಣಕ್ಕ, ರೇಡಿಯೋ ಮೂವರೂ ಬಂದು ನಿಂತರು. "ತಯಾರಾಗಿ, ಹೊರಡೋಣ." ಸಣ್ಣಕ್ಕ ನನ್ನ ಚಪ್ಪಲಿ ನೋಡಿ, ಇದು ಜಾರುತ್ತೆ, ಬೇರೆ ಹಾಕ್ಕೊಳ್ಳಿ ಅಂದಳು. ಹಾಕಿಕೊಂಡೆ.

ಮೊದಲನೇ ಮನೆಗೆ ಬೆಳಕಿಲ್ಲ ಅಂತ ಲಾಯರಮ್ಮ ಒಳಗೂ ಕಾಲಿಡಲಿಲ್ಲ. ಎರಡನೆಯದು ನನಗೆ ಹಿಡಿಸಿತ್ತು, ಸಣ್ಣಕ್ಕ ಬಚ್ಚಲು ನೋಡಿ ತಲೆ ಅಡ್ಡಡ್ಡ ಆಡಿಸಿದಳು. ಮೂರನೆಯದು ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿ, ಕೆಳಗಿನ ಮನೆ. ಒಂದು ಕೋಣೆ, ಅಡಿಗೆಮನೆ, ಬೀದಿಗೆ ತೆರೆಯುವ ಕಿಟಕಿ. ಲಾಯರಮ್ಮ ನಲ್ಲಿ ತಿರುಗಿಸಿದರು, ಸ್ವಿಚ್ಚು ಒತ್ತಿದರು, ಬಾಗಿಲ ಅಗುಳಿ ಹಾಕಿ ತೆಗೆದು ನೋಡಿದರು, ಚಿಲಕ ಬದಲಾಯಿಸಬೇಕು ಅಂತ ಮನೆ ಯಜಮಾನಿಯ ಜೊತೆ ವಾದಕ್ಕೆ ನಿಂತು ಗೆದ್ದರು. ನಾನು ಕಿಟಕಿ ಹತ್ತಿರ ನಿಂತಿದ್ದೆ. ಗಾಳಿ ಚೆನ್ನಾಗಿ ಬರುತ್ತಿತ್ತು.

ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಲಾಯರಮ್ಮನನ್ನೇ ಕೇಳಿದಳು.

"ಇವರು ಒಬ್ಬರೇ ಇರ್ತಾರಾ? ವಯಸ್ಸಾದವರು. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ಲಾಯರಮ್ಮ ಒಂದು ಕ್ಷಣವೂ ತಡೆಯಲಿಲ್ಲ.

"ಇರ್ತಾರೆ ಬಿಡಿ, ಅಭ್ಯಾಸ ಆಗುತ್ತೆ" ಅಂದರು. "ನಾವು ಏಳು ಜನ ಇಲ್ಲೇ ಇದ್ದೀವಿ. ನೋಡ್ಕೋತೀವಿ."

ಮನೆ ಗೊತ್ತುಮಾಡಿಯಾಯಿತು. ಶುಕ್ರವಾರ ಸಾಮಾನು ಸಾಗಿಸಬೇಕು.